ಇಂಡಿಯಾನಾದ ಕೊಲಂಬಸ್: ಬರೀ ಫ್ಯಾಕ್ಟರಿ ಊರಾ?

ನಿಮ್ಮ ಯಜಮಾನರಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ ಕೆಲಸ ಸಿಕ್ಕಿದೆ, ಅದು ಬರೀ ಎಂಜಿನ್ ಫ್ಯಾಕ್ಟರಿ ಊರಾ, ನೋಡೋಕೆ ಏನೂ ಇಲ್ವಾ ಅಂತ ಕೇಳಿದ್ದೀರಿ. ಮೊದಲು ಒಂದು ಮಾತು: ಟಿಕೆಟ್ ಮಾಡುವಾಗ ಒಹಾಯೋದ ದೊಡ್ಡ ಕೊಲಂಬಸ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಇದು ಸುಮಾರು 50 ಸಾವಿರ ಜನರ ಊರು. ಇಂಡಿಯಾನಾಪೊಲಿಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಡ್ರೈವ್.

ಎಂಜಿನ್ ಊರು ಅನ್ನೋದೇನೋ ನಿಜ. ಕಮ್ಮಿನ್ಸ್ ಡೀಸೆಲ್ ಎಂಜಿನ್ ಕಂಪನಿ 1919ರಲ್ಲಿ ಶುರುವಾಗಿದ್ದು ಇಲ್ಲೇ. ಆದರೆ ಮಜಾ ಇರುವುದು ಮುಂದೆ. ಕಂಪನಿ ನಡೆಸುತ್ತಿದ್ದ ಜೆ. ಇರ್ವಿನ್ ಮಿಲ್ಲರ್ ಊರಿಗೆ ಒಂದು ಮಾತು ಕೊಟ್ಟರು: ಸಾರ್ವಜನಿಕ ಕಟ್ಟಡ ಕಟ್ಟುವಾಗ ನಾವು ಕೊಡುವ ಪಟ್ಟಿಯಿಂದ ಒಳ್ಳೆಯ ಆರ್ಕಿಟೆಕ್ಟನ್ನು ಆರಿಸಿಕೊಳ್ಳಿ, ಅವರ ಫೀಸನ್ನು ನಮ್ಮ ಫೌಂಡೇಶನ್ ಕೊಡುತ್ತದೆ. 1950ರ ದಶಕದಲ್ಲಿ ಶಾಲೆಗಳಿಂದ ಶುರುವಾಯಿತು. ಆಮೇಲೆ ಅಗ್ನಿಶಾಮಕ ಠಾಣೆಯನ್ನೂ ಬಿಡಲಿಲ್ಲ ನೋಡಿ, ಒಂದನ್ನು ಹೆಸರಾಂತ ಆರ್ಕಿಟೆಕ್ಟ್ ರಾಬರ್ಟ್ ವೆಂಚುರಿ ವಿನ್ಯಾಸ ಮಾಡಿದ್ದಾರೆ!

ಆ ಊರಿಗೆ ಹೋದ ಮೊದಲ ವಾರದಲ್ಲೇ ಐದನೇ ಬೀದಿಗೆ ನಡೆದುಕೊಂಡು ಹೋಗಿ. ಆರ್ಕಿಟೆಕ್ಟ್ ಐ. ಎಂ. ಪೇ ವಿನ್ಯಾಸ ಮಾಡಿದ ಇಟ್ಟಿಗೆಯ ಲೈಬ್ರರಿ, ಅದರ ಮುಂದೆ ಶಿಲ್ಪಿ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು. ಅದರ ಕೆಳಗೆ ನಡೆದು ದಾಟಬಹುದು. ರಸ್ತೆಯ ಆಚೆ 1942ರ ಚರ್ಚು, ಆರ್ಕಿಟೆಕ್ಟ್ ಎಲಿಯೆಲ್ ಸಾರಿನೆನ್ ಅವರ ವಿನ್ಯಾಸ. ಅಲಂಕಾರ ಕಡಿಮೆ, ಪಕ್ಕದಲ್ಲಿ ಎತ್ತರದ ಚೌಕ ಗಡಿಯಾರದ ಗೋಪುರ. ನನಗಂತೂ ಇದೇ ಜಾಸ್ತಿ ಇಷ್ಟ.

ಸುಸ್ತಾದರೆ ವಾಷಿಂಗ್ಟನ್ ಸ್ಟ್ರೀಟಿನ ಜಹರಾಕೋಸ್‌ನಲ್ಲಿ ಐಸ್‌ಕ್ರೀಮ್ ತಿನ್ನಿ, 1900ರ ಅಂಗಡಿ ಅದು. ಆದರೆ ಈ ಊರಲ್ಲಿ ಓಡಾಡೋಕೆ ಕಾರು ಮಾತ್ರ ಬೇಕೇ ಬೇಕು.