ಶೋರೂಮ್ ಮುಂದೆ ಒಂದು ಸುತ್ತು ಸಾಕಾ?

ಪ್ರಶ್ನೆ: ನಾನೂ ಹೆಂಡತಿಯೂ ಓಡಿಸಲು 110 ಸಿಸಿ ಸ್ಕೂಟರ್ ತಗೋಬೇಕು ಅಂತಿದ್ದೇವೆ. ಶೋರೂಮಿನವರು ಮುಂದಿನ ರಸ್ತೆಯಲ್ಲೇ ಒಂದು ಸುತ್ತು ಹಾಕಿಸಿ, ಬುಕ್ ಮಾಡಿ ಅಂತಾರೆ. ಅಷ್ಟು ಸಾಕಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಸಾಲದು. ಸಪಾಟು ರಸ್ತೆಯಲ್ಲಿ ಯಾವ ಹೊಸ ಗಾಡಿಯಾದರೂ ಚೆನ್ನಾಗೇ ಓಡುತ್ತೆ. ಲೈಸೆನ್ಸ್, ಇಬ್ಬರಿಗೂ ಹೆಲ್ಮೆಟ್ ತಗೊಂಡು ಹೋಗಿ, ಗುಡ್ಡದ ದಾರಿಯಲ್ಲಿರುವ ಕೈಮರದ ಕಡೆ ಬಿಡ್ತೀರಾ ಅಂತ ಕೇಳಿ, ಒಪ್ಪದಿದ್ದರೆ ಹತ್ತಿರದ ಯಾವುದಾದರೂ ಏರು ಸಿಕ್ಕರೂ ಆಯ್ತು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡೇ ಹತ್ತಿಸಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಎಂಜಿನ್ ಕೂಗುತ್ತೆ, ಗಾಡಿ ಮಾತ್ರ ತೆವಳುತ್ತೆ ಅಂದ್ರೆ 125 ಸಿಸಿ ನೋಡೋದೇ ವಾಸಿ.

ಇಳಿಜಾರು ಇನ್ನೂ ಮುಖ್ಯ. ಸ್ಕೂಟರಿನಲ್ಲಿ ಬೈಕಿನ ಹಾಗೆ ಗೇರ್ ಇಳಿಸಿ ವೇಗ ತಡೆಯೋಕಾಗಲ್ಲ, ಹೆಚ್ಚಿನ ಕೆಲಸವೆಲ್ಲ ಬ್ರೇಕಿನದೇ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಮಾದರಿಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ, ನಮ್ಮ ಮಳೆಗಾಲ ಗೊತ್ತಲ್ವಾ. 2019ರಿಂದ ಸಣ್ಣ ಗಾಡಿಗಳಿಗೂ ಸಿಬಿಎಸ್ (ಎರಡೂ ಬ್ರೇಕನ್ನು ಜೋಡಿಸುವ ವ್ಯವಸ್ಥೆ) ಇಲ್ಲವೇ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಸಿಬಿಎಸ್ ಇದ್ದರೆ ಎಡಗೈ ಬ್ರೇಕ್ ಒಂದನ್ನೇ ಹಿಡಿದರೂ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತೆ, ಅದನ್ನೂ ನಿಧಾನವಾಗಿ ಓಡಿಸುತ್ತಾ ಪರೀಕ್ಷಿಸಿ.

ಮತ್ತೆ, ಹೆಂಡತಿಯೂ ಓಡಿಸಲಿ. ಸೆಂಟರ್ ಸ್ಟ್ಯಾಂಡ್ ಹಾಕೋದು ಅವರಿಂದ ಆಗುತ್ತಾ, ಕಾಲು ನೆಲಕ್ಕೆ ಸಿಗುತ್ತಾ ಅಂತ ಅವರೇ ಹೇಳಬೇಕು, ಸೇಲ್ಸ್ ಹುಡುಗ ಅಲ್ಲ. ಡೆಮೊ ಗಾಡಿಯೇ ಇಲ್ಲ ಅಂದರೆ ಬುಕಿಂಗ್ ದುಡ್ಡು ಕೊಡಬೇಡಿ, ಹಾಸನದಲ್ಲಿ ಒಮ್ಮೆ ವಿಚಾರಿಸಿ.