ಹೊಟ್ಟೆಕಿಚ್ಚಿಗೆ ನಾನು ‘ಪ್ರಾರ್ಥನಾ ವಿಷಯ’ ಅಂತ ಹೆಸರಿಟ್ಟಿದ್ದೆ

ಆರು ವರ್ಷ ನೀವು ನಡೆಸಿದ ಆರಾಧನೆಯ ಹಾಡುಗಳು ಈಗ ಹೊಸದಾಗಿ ಬಂದ ಹುಡುಗನ ಕೈಗೆ ಹೋಗಿವೆ, ಎಷ್ಟು ಪ್ರಾರ್ಥಿಸಿದರೂ ಹೊಟ್ಟೆಕಿಚ್ಚು ಹೋಗುತ್ತಿಲ್ಲ, ಸಭೆ (ಚರ್ಚ್) ಬದಲಿಸಲೋ ಸೇವೆ ಬಿಟ್ಟು ಸುಮ್ಮನೆ ಕೂರಲೋ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ಬಳ್ಳಾರಿ ಕೌಲ್ ಬಜಾರಿನಲ್ಲಿದ್ದ ನಮ್ಮ ಮನೆಯ ಮಾಳಿಗೆ ಕಣ್ಣ ಮುಂದೆ ಬಂತು. ಅಲ್ಲಿ ನಿಂತು ನಾನು ಮೂರು ಫೋನ್ ಮಾಡಿದ್ದೆ.

ಆಗ ನಮ್ಮ ಸಭೆಯ ಯುವಜನ ಕೂಟದ ಕಾರ್ಯದರ್ಶಿ ನಾನು, ಹಾಡಿನ ಗುಂಪು ನನ್ನದು. (ನೋಡಿ, ಇವತ್ತಿಗೂ ‘ನನ್ನದು’ ಅಂತಲೇ ಬಾಯಿಗೆ ಬರುತ್ತೆ.) ಸಿಂಧನೂರು ಕಡೆಯ ಒಬ್ಬ ಹುಡುಗ ಜೀನ್ಸ್ ಹೊಲಿಯುವ ಕೆಲಸಕ್ಕೆ ಊರಿಗೆ ಬಂದವನು ನಮ್ಮ ಸಭೆಗೆ ಸೇರಿದ. ಡಿಸೆಂಬರ್ ಹತ್ತಿರ ಬಂದಾಗ ಪಾಸ್ಟರ್ ಅಯ್ಯನವರು, “ಈ ಸಲ ಕ್ರಿಸ್ಮಸ್ ಹಾಡಿನ ಕ್ಯಾರಲ್ಸ್ ಅವನು ನಡೆಸ್ಲಿ, ನೀನು ಜೊತೆಗಿರು” ಅಂದರು. ನಾನು “ಆಗ್ಲಿ ಅಯ್ಯಾ, ಕರ್ತನ ಚಿತ್ತ” ಅಂದೆ. ನಗುತ್ತಲೇ ಅಂದೆ.

ಮೊದಲ ಪ್ರಾಕ್ಟೀಸಿನ ದಿನ ಅವನು ಕೀಬೋರ್ಡಿನ ಟ್ರಾನ್ಸ್‌ಪೋಸ್ ಒತ್ತಿ ಶ್ರುತಿಯನ್ನು ಮೂರು ಮನೆ ಇಳಿಸಿದ. ನಾನು ಎಫ್‌ನಲ್ಲಿ ಎತ್ತುತ್ತಿದ್ದ ಹಾಡು ತಗ್ಗಿನ ಡಿ ಶ್ರುತಿಗೆ ಬಂತು. ಎಫ್ ನನ್ನ ಗಂಟಲು ಮೆರೆಯುವ ಜಾಗ, ಆದರೆ ಹಿಂದಿನ ಚಾಪೆಯ ಮೇಲೆ ಕೂರುವ ಅಮ್ಮಂದಿರಿಗೆ ಚರಣ ಬರುವಷ್ಟರಲ್ಲಿ ದನಿ ಸಿಗುತ್ತಿರಲಿಲ್ಲ. ನಾನು ಹಾಡಿಸಿದಷ್ಟೂ ಕಾಲ ಅವರು ಬರೀ ಚಪ್ಪಾಳೆ ತಟ್ಟಿದ್ದರು. ಅವತ್ತು ಹಾಡಿದರು. ಹಾಡು ಮುಗಿದ ಮೇಲೆ ಒಬ್ಬ ಅಜ್ಜಿ, “ಇವತ್ತು ಎದಿ ತುಂಬ ಹಾಡಿದೆ ನೋಡಪಾ” ಅಂದಳು. ನನಗಲ್ಲ, ಅವನಿಗೆ. ಮುಂದಿನ ಹಾಡಿನಲ್ಲಿ ಅವನು ಎರಡನೇ ಚರಣಕ್ಕೆ ಒಂದು ಆವರ್ತ ಮೊದಲೇ ನುಗ್ಗಿ ತಬಲದವನು ತಡವರಿಸಿದಾಗ ನನ್ನೊಳಗೆ ತಣ್ಣನೆಯ ನೀರು ಕುಡಿದ ಹಾಗೆ ಹಾಯೆನಿಸಿತು. ಇನ್ನೊಬ್ಬನ ತಪ್ಪಿಗೆ ಆಗುವ ಆ ಹಾಯೇ ಹೊಟ್ಟೆಕಿಚ್ಚಿನ ಗುರುತು. ಸಿಟ್ಟನ್ನು ಹುಡುಕಬೇಡಿ, ಈ ಹಾಯನ್ನು ಹುಡುಕಿ.

ಆದರೆ ನನ್ನನ್ನು ಕೆಡಿಸಿದ್ದು ಆ ಹಾಯೂ ಅಲ್ಲ, ಅದರ ನಂತರದ ಮೂರು ಫೋನು. ಒಂದು ಸಭಾ ಹಿರಿಯರಿಗೆ, ಒಂದು ಸ್ತ್ರೀ ಕೂಟ ನಡೆಸುವ ಅಕ್ಕನಿಗೆ, ಒಂದು ನನ್ನ ಗೆಳೆಯನಿಗೆ. ಮೂವರಿಗೂ ಒಂದೇ ಮಾತು: “ಆ ತಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ರಿ. ಹಾಡೋ ಒಳ್ಳೆ ವರ ಐತಿ, ಆದ್ರ ಗರ್ವ ಬರಬಾರ್ದು ನೋಡ್ರಿ.”

ಈ ವಾಕ್ಯವನ್ನು ಬಿಡಿಸಿ ನೋಡಿ, ಸುಳ್ಳು ಎಲ್ಲಿದೆ? ಪ್ರಾರ್ಥಿಸಿ ಅನ್ನುವುದು ಒಳ್ಳೆಯದು. ವರ ಇರುವುದು ನಿಜ. ಗರ್ವ ಬರಬಾರದು ಅನ್ನುವುದಂತೂ ಬೈಬಲ್ಲಿನ ಮಾತೇ. ಒಂದೊಂದು ತುಂಡೂ ನಿಜ, ಸೇರಿಸಿದರೆ ವಿಷ. ‘ಬರಬಾರ್ದು’ ಅಂದ ಕೂಡಲೇ ಕೇಳಿದವರ ಕಿವಿಯಲ್ಲಿ ‘ಬಂದಿದೆ’ ಅಂತ ಕೂತುಬಿಡುತ್ತೆ. ಪ್ರಾರ್ಥನೆಯ ಹೆಸರಿನಲ್ಲಿ ಬಂದದ್ದರಿಂದ ಯಾರೂ “ನೀನು ಏನು ನೋಡಿದೆ?” ಅಂತ ತಿರುಗಿ ಕೇಳುವುದಿಲ್ಲ. ಬರೀ ಚಾಡಿ ಹೇಳಿದ್ದರೆ ಆ ಹಿರಿಯರು ನನ್ನನ್ನು ಬೈದು ಕಳಿಸುತ್ತಿದ್ದರು. ನಾನು ಚಾಡಿಗೆ ಬಿಳಿ ಅಂಗಿ ತೊಡಿಸಿದ್ದೆ. ಮೂರು ವಾರಕ್ಕೆ ಅದೇ ಮಾತು ನನ್ನ ಬಳಿಗೇ ಸುದ್ದಿಯಾಗಿ ವಾಪಸ್ ಬಂತು: “ಆ ಹುಡುಗನಿಗೆ ಭಾಳ ಗರ್ವ ಅಂತ, ಉಪವಾಸ ಪ್ರಾರ್ಥನೆಯೊಳಗ ಇಟ್ಟೀವಿ.” ಅವನಿಗೂ ಮುಟ್ಟಿರಬೇಕು. ಕ್ಯಾರಲ್ಸಿನ ಎರಡನೇ ರಾತ್ರಿ ಬರಲಿಲ್ಲ. ಜನವರಿಯಲ್ಲಿ ಸಭೆಯನ್ನೇ ಬಿಟ್ಟ.

ಕ್ಯಾರಲ್ಸ್ ಮತ್ತೆ ನನ್ನ ಕೈಗೆ ಬಂತು. ಅಮ್ಮಂದಿರು ಮತ್ತೆ ಚಪ್ಪಾಳೆಗೆ ಇಳಿದರು.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತ ಊರು ನಮ್ಮದು. ಅಂಥ ಊರಲ್ಲಿ ಹುಟ್ಟಿಯೂ ನಾನು ಬೈಬಲ್ಲಿನಲ್ಲಿರುವ ಯಾಕೋಬನ ಪತ್ರದ 3ನೇ ಅಧ್ಯಾಯವನ್ನು ‘ನಾಲಿಗೆಯ ಪಾಠ’ ಅಂತ 12ನೇ ವಚನಕ್ಕೇ ಮುಚ್ಚಿಡುತ್ತಿದ್ದೆ. 14ರಲ್ಲಿ ನನ್ನ ಮಾಳಿಗೆಯ ಫೋನಿನ ವಿಷಯವೇ ಇದೆ: ಒಳಗೆ ಕಹಿ ಮತ್ಸರ ಇಟ್ಟುಕೊಂಡು ಹೆಚ್ಚಳಪಡಬೇಡಿ, ಸತ್ಯಕ್ಕೆ ವಿರೋಧವಾಗಿ ಸುಳ್ಳಾಡಬೇಡಿ ಅನ್ನುತ್ತಾನೆ. ಅಲ್ಲಿರುವ ಗ್ರೀಕ್ ಪದ ‘ಜೇಲೋಸ್’. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಓಡಿಸಿದಾಗ ಆತನಿಗಿದ್ದ ಆಸ್ಥೆಗೂ ಯೋಹಾನ 2:17ರಲ್ಲಿ ಇದೇ ಪದ. ಕಿಚ್ಚು ಒಂದೇ, ಅದಕ್ಕೇ ಯಾಕೋಬ ‘ಕಹಿ’ ಅಂತ ಗುರುತು ಹಾಕಿದ್ದು. ನಮಗೆ ನಮ್ಮದು ಯಾವಾಗಲೂ ದೇವರ ಮನೆಯ ಆಸ್ಥೆಯಾಗಿಯೇ ಕಾಣುತ್ತೆ.

ಅದೇ ವಚನದ ಇನ್ನೊಂದು ಪದ ‘ಎರಿಥೇಯಾ’, ಅಂದರೆ ಸ್ವಾರ್ಥದ ಮೇಲಾಟ. ಅದರ ಬೇರು ಕೂಲಿಗೆ ದುಡಿಯುವವನು ಅನ್ನುವ ಮಾತಿನಲ್ಲಿದೆ. ಅರಿಸ್ಟಾಟಲ್ ಅದನ್ನು ಪದವಿಗಾಗಿ ಓಟು ಗಿಟ್ಟಿಸುವ ಒಳಸಂಚಿಗೆ ಬಳಸಿದ್ದಾನೆ. ಜೀನ್ಸ್ ಹೊಲಿಯುವ ಬಳ್ಳಾರಿಯವರಿಗೆ ಕೂಲಿಯ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಪೀಸ್ ಲೆಕ್ಕದಲ್ಲಿ ಜೇಬು ಹೊಲಿಯುವವನು ಜೇಬನ್ನಷ್ಟೇ ಎಣಿಸುತ್ತಾನೆ, ಪ್ಯಾಂಟ್ ಯಾರಿಗೆ ಹೊಂದುತ್ತೆ ಅನ್ನುವುದು ಅವನ ಲೆಕ್ಕದಲ್ಲಿಲ್ಲ. ಅವನಿಗೆ ಅದು ಹೊಟ್ಟೆಪಾಡು, ತಪ್ಪಲ್ಲ. ನಾನು ಆರಾಧನೆಯಲ್ಲಿ ಪೀಸ್ ಎಣಿಸುತ್ತಿದ್ದೆ: ಈ ಭಾನುವಾರ ನನ್ನ ಹಾಡೆಷ್ಟು, ಅವನದೆಷ್ಟು.

ಈಗ ನಿಮ್ಮ ವಿಷಯ. ನೀವು ಕೇಳಿದ್ದೇ ತಪ್ಪು ಪ್ರಶ್ನೆ ಅಂತ ನನ್ನ ಅಭಿಪ್ರಾಯ. ಸಭೆ ಬದಲಿಸಿದರೆ ಅಲ್ಲೂ ಒಬ್ಬ ಕೀಬೋರ್ಡಿನವನು ಇರುತ್ತಾನೆ. ಸೇವೆ ಬಿಟ್ಟು ಕೂತರೆ ಜನ “ಯಾಕ ಬಿಟ್ಟಿ?” ಅಂತ ಕೇಳಲಿ ಅನ್ನುವ ಆಸೆಯೂ ಜೊತೆಗೇ ಕೂತಿರುತ್ತೆ. ಮತ್ತೆ, ‘ಹೊಟ್ಟೆಕಿಚ್ಚು ಹೋಗಲಿ, ಆಮೇಲೆ ಸರಿಯಾಗಿ ನಡೆಯುತ್ತೇನೆ’ ಅಂತ ಕಾಯುತ್ತಿದ್ದೀರಲ್ಲ, ಅದನ್ನು ಬಿಡಿ. 1 ಸಮುವೇಲ 18 ತೆಗೆಯಿರಿ. ರಾಜ ಸೌಲ ಕೊಂದ ಶತ್ರುಗಳು ಸಾವಿರ, ಅವನ ಯೋಧ ದಾವೀದ ಕೊಂದವರು ಹತ್ತು ಸಾವಿರ ಅಂತ ಹೆಂಗಸರು ಹಾಡಿದ್ದು ಕೇಳಿ ಸೌಲ ಅಂಕಿ ಎಣಿಸಲು ಕೂತ. ಅದೇ ಅಧ್ಯಾಯದ ಆರಂಭದಲ್ಲಿ ಅವನ ಮಗ ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟು ಬಿಚ್ಚಿ ದಾವೀದನಿಗೆ ಕೊಟ್ಟಿದ್ದಾನೆ. ಕಳೆದುಕೊಳ್ಳುವುದು ಹೆಚ್ಚಿದ್ದುದು ಸಿಂಹಾಸನಕ್ಕೆ ಬರಬೇಕಿದ್ದ ಮಗನಿಗೇ. ಅವನ ಎದೆಯಲ್ಲಿ ಏನು ಹಾದುಹೋಯಿತೋ ಅಲ್ಲಿ ಬರೆದಿಲ್ಲ, ಕೈ ಏನು ಮಾಡಿತು ಅಂತ ಬರೆದಿದೆ.

ಹಾಗಾಗಿ ಪ್ರಾರ್ಥನೆಯ ಮಾತನ್ನೇ ಬದಲಿಸಿ. ‘ಈ ಭಾವನೆ ತೆಗೆ’ ಅನ್ನುವುದಕ್ಕಿಂತ ಯಾಕೋಬ 1:5ರ ಹಾಗೆ ಜ್ಞಾನ ಕೇಳಿ: ನಾಳೆ ಆ ಹುಡುಗನ ಎದುರು ಹೇಗೆ ನಡೆಯಲಿ ಅಂತ. ಅವನ ಹೆಸರು ಹಿಡಿದು, ಅವನಿಗೆ ಒಳ್ಳೆಯದಾಗುವ ಒಂದು ನಿರ್ದಿಷ್ಟ ಸಂಗತಿ ಕೇಳಿ: ಭಾನುವಾರ ಅವನ ಗಂಟಲು ಚೆನ್ನಾಗಿರಲಿ, ಜನ ಅವನ ಜೊತೆ ಬಾಯಿಬಿಟ್ಟು ಹಾಡಲಿ. ‘ಅವನನ್ನು ತಗ್ಗಿಸು’ ಅನ್ನುವ ಪ್ರಾರ್ಥನೆ ನಿಮಗೆ ನಿಷೇಧ, ಕನಿಷ್ಠ ಒಂದು ವರ್ಷ. ದಿನಕ್ಕೆ ಎರಡು ನಿಮಿಷ ಸಾಕು. ಮೊದಮೊದಲು ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ, ಸಿಕ್ಕಿಕೊಳ್ಳಲಿ.

ಅವನ ಹತ್ತಿರ ಹೋಗಿ “ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು, ಕ್ಷಮಿಸು” ಅನ್ನಬೇಡಿ. ಇದನ್ನು ಹಲವರು ಮಾಡುತ್ತಾರೆ, ನನಗೆ ಒಪ್ಪಿಗೆಯಿಲ್ಲ. ಏನೂ ಗೊತ್ತಿಲ್ಲದವನ ತಲೆ ಮೇಲೆ ನಿಮ್ಮ ಗಂಟು ಇಟ್ಟು ನೀವು ಹಗುರಾಗಿ ಬರುತ್ತೀರಿ. ಆಮೇಲೆ ಅವನು ಪ್ರತಿ ಹಾಡಿಗೂ ನಿಮ್ಮ ಮುಖ ನೋಡಬೇಕು. ದೇವರ ಹತ್ತಿರ, ಮತ್ತೆ ಬಾಯಿ ಬಿಗಿ ಇರುವ ಒಬ್ಬ ಹಿರಿಯರ ಹತ್ತಿರ ಹೇಳಿ. ಒಬ್ಬರು ಸಾಕು.

ಆದರೆ ಅವನ ಬಗ್ಗೆ ಯಾರ ಹತ್ತಿರವಾದರೂ ಬಾಯಿಬಿಟ್ಟಿದ್ದರೆ ಲೆಕ್ಕ ಬೇರೆ. ಆಗ ಅವನ ಬಳಿಗೂ ಹೋಗಬೇಕು, ಅದಕ್ಕಿಂತ ಮೊದಲು ಕೇಳಿದವರ ಬಳಿಗೆ. ನಾನು ಇಲ್ಲೂ ತಿರುಗುಮುರುಗು ಮಾಡಿದೆ. ಅವನು ಬರುವುದು ನಿಂತ ಮೇಲೆ ಹುಡುಕಿಕೊಂಡು ಹೋಗಿ, ಒಗ್ಗರಣೆ ಮಿರ್ಚಿ ತಿನ್ನಿಸಿ, ಹೆಗಲ ಮೇಲೆ ಕೈ ಹಾಕಿ “ಬಾರಪಾ ಸಭೆಗೆ” ಅಂದೆ. ಫೋನಿನ ವಿಷಯ ಎತ್ತಲಿಲ್ಲ. ಅವನು ಮಿರ್ಚಿಯ ಮೇಲಿನ ಹಿಟ್ಟು ಬಿಡಿಸುತ್ತಾ ಕೂತ, ಕೊನೆಗೆ “ನೋಡ್ತೀನಿ ಅಣ್ಣ” ಅಂದ. ಬರಲಿಲ್ಲ. ಯಾಕೋಬ 3:17ರಲ್ಲಿ ಮೇಲಿಂದ ಬರುವ ಜ್ಞಾನ ಮೊದಲು ಪರಿಶುದ್ಧ, ಆಮೇಲೆ ಸಮಾಧಾನ ಅಂತಿದೆ. ನಾನು ‘ಮೊದಲು’ ಅನ್ನುವ ಮಾತನ್ನು ಹಾರಿಸಿದ್ದೆ. ಒಳಗಿನ ಬಿರುಕು ಮುಚ್ಚದೆ ಮೇಲೆ ಸುಣ್ಣ ಬಳಿದ ಹಾಗೆ.

ಆ ಮೂವರ ಬಳಿಗೆ ಹೋದದ್ದು ತಡವಾಗಿ. ಹೋಗುವುದಾದರೆ ಎರಡೇ ವಾಕ್ಯ ಇಟ್ಟುಕೊಳ್ಳಿ: “ನಾನು ಅವತ್ತು ಹೇಳಿದ್ದು ಹೊಟ್ಟೆಕಿಚ್ಚಿನಿಂದ. ಅವನಲ್ಲಿ ಗರ್ವ ನಾನು ನೋಡಿಲ್ಲ.” ಮೂರನೇ ವಾಕ್ಯ ಶುರುವಾದರೆ ಅದು ‘ಆದ್ರೂ’ ಅಂತಲೇ ಶುರುವಾಗುತ್ತೆ. ಫೋನಿನಲ್ಲಿ ಹೇಳಿದ್ದನ್ನು ಮುಖಾಮುಖಿ ವಾಪಸ್ ತೆಗೆದುಕೊಳ್ಳಿ. “ಅಯ್ಯ ಬಿಡಪಾ, ಎಲ್ಲಾರಿಗೂ ಇರೋದ” ಅಂತ ಅಕ್ಕ ಸಮಾಧಾನ ಹೇಳಿದಳು. ಆ ಸಮಾಧಾನ ತೆಗೆದುಕೊಂಡು ಎದ್ದು ಬರಬೇಡಿ, “ಇಲ್ಲಕ್ಕ, ಯಾರ‍್ಯಾರಿಗೆ ಹೇಳಿದ್ರಿ, ಅವರಿಗೂ ಇದನ್ನ ಹೇಳ್ರಿ” ಅಂತ ಕೇಳಿ. ನಾನು ಕೇಳುವಷ್ಟರಲ್ಲಿ ಅವಳಿಗೇ ನೆನಪಿರಲಿಲ್ಲ.

ಈ ಶನಿವಾರ ಪ್ರಾಕ್ಟೀಸಿಗೆ ಹೋಗಿ. ಅರ್ಧ ಗಂಟೆ ಮೊದಲೇ ಹೋಗಿ ಮೈಕಿನ ವೈರ್ ಬಿಡಿಸಿ, ಚಾಪೆ ಹಾಸಿ. ಬ್ಯಾನರಿನಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಹೆಸರು ಬಾರದ ಕೆಲಸವಾಗಿರಬೇಕು, ಅದನ್ನು ಬಿಡದೆ ಮೂರು ತಿಂಗಳು ಮಾಡಿ. ಅವನು ಬಂದ ಮೇಲೆ “ಯಾವ ಶ್ರುತಿಗೆ ಇಡ್ಲಿ?” ಅಂತ ಕೇಳಿ, ಹೇಳಿದ ಶ್ರುತಿಗೆ ಇಡಿ. ನಿಮಗೆ ತಗ್ಗು ಅನ್ನಿಸಿದರೂ ಸರಿ. ಹಾಡು ಶುರುವಾದ ಮೇಲೆ ಹಿಂದೆ ತಿರುಗಿ ಚಾಪೆಯ ಮೇಲೆ ಎಷ್ಟು ಬಾಯಿ ಅಲ್ಲಾಡುತ್ತಿವೆ ನೋಡಿ.