ಫೆರೆಟ್ ಊಟ ಬಚ್ಚಿಡೋದಕ್ಕೆ ಬೈಯಬೇಡ್ರಿ

ಕಲಬುರಗಿಯ ಮನೆಯಲ್ಲಿ ನಿಮ್ಮ ಫೆರೆಟ್ (ನೋಡಲು ಮುಂಗುಸಿಯಂಥ, ಮಾಂಸ ತಿನ್ನುವ ಸಣ್ಣ ಸಾಕುಪ್ರಾಣಿ) ಕೋಳಿ ಚೂರು ಒಯ್ದು ದಿವಾನದ ಕೆಳಗೆ ಬಚ್ಚಿಡುತ್ತದೆ, ಬೈದರೂ ಬಿಡೋದಿಲ್ಲ ಅಂತ ಕೇಳಿದ್ದೀರಿ. ಅದು ಹಟ ಅಲ್ಲರೀ, ಹುಟ್ಟುಗುಣ. ಅದರ ಕರುಳು ಗಿಡ್ಡ, ತಿಂದದ್ದು ಮೂರ್ನಾಲ್ಕು ತಾಸಿನಲ್ಲೇ ಹೊರಗೆ ಹೋಗುತ್ತದೆ. ಪದೇ ಪದೇ ತಿನ್ನಬೇಕಾದ ಪ್ರಾಣಿ, ಮುಂದಿನ ಹೊತ್ತಿಗೆ ಅಂತ ಎತ್ತಿಡುತ್ತದೆ.

ನನಗೆ ಚಿಂತೆ ಹಸಿ ಮಾಂಸದ್ದು. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಚೂರು ಅಂಟಂಟಾಗಿ ಇರುವೆ ಸಾಲು ಹಿಡಿಯಲು ಹೆಚ್ಚು ಹೊತ್ತು ಬೇಡ. ಮಾಂಸವನ್ನು ಪಂಜರದೊಳಗೆ, ಬಾಗಿಲು ಹಾಕಿ, ಕಣ್ಣೆದುರೇ ತಿನ್ನಿಸ್ರಿ. ಅರ್ಧ ತಾಸಿನಲ್ಲಿ ಉಳಿದದ್ದು ಎತ್ತಿಬಿಡ್ರಿ, ಮಲಗುವ ಬಟ್ಟೆಯ ಮಡಿಕೆಯನ್ನೂ ಬಿಚ್ಚಿ ನೋಡ್ರಿ. ದಿನವಿಡೀ ಇಡೋದು ಒಣ ಆಹಾರ ಮಾತ್ರ, ಅದೂ ಮಾಂಸಾಹಾರಿಗೆ ಆಗುವಂಥದ್ದು.

ದಿವಾನದ ಕೆಳಗಿನ ಗುಪ್ತ ಜಾಗವನ್ನು ಪೂರ್ತಿ ಖಾಲಿ ಮಾಡಬೇಡ್ರಿ. ಮಾಡಿದರೆ ಹೊಸ ಮೂಲೆ ಹುಡುಕಬಹುದು, ಅದು ನಿಮಗೆ ಗೊತ್ತಾಗೋದು ವಾಸನೆ ಬಂದ ಮೇಲೆ. ದಿನಾ ಒರೆಸಿ, ನಾಲ್ಕು ಒಣ ತುಣುಕು ಅಲ್ಲೇ ಬಿಡ್ರಿ.

ಬಚ್ಚಿಡುತ್ತದೆ, ಆದರೆ ತಿನ್ನೋದೇ ಇಲ್ಲ ಅಂದರೆ ಕಾಯಬೇಡ್ರಿ, ಪಶುವೈದ್ಯರಿಗೆ ತೋರಿಸ್ರಿ. ಬೀದರ್‌ನ ಪಶುವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸ್ರಿ. ಇನ್ನೊಂದು, ಕೋಣೆ 30 ಡಿಗ್ರಿ ದಾಟಿದರೆ ಫೆರೆಟ್ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಎಸಿ ಇರುವ ಕೋಣೆಯಲ್ಲೇ ಇಡ್ರಿ.